ಮೊದಲು ಅಭಯ, ಅನಂತರ ಅನ್ನ

ಶ್ರಾವಕನು ಆಚರಿಸಬೇಕಾದ ದಾನಗಳು ನಾಲ್ಕು: ಆಹಾರ, ಔಷಧ, ಶಾಸ್ತ್ರ, ಅಭಯ. ಜೀವಿಗಳನ್ನು ಕೊಲ್ಲದಿರುವುದೇ ಅಭಯದಾನವೆಂದು ತಿಳಿದು ನಾವು ತೃಪ್ತರಾಗುತ್ತೇವೆ. ಅದರ ಅರ್ಥ ಇನ್ನೂ ವಿಶಾಲವಾದುದು. ದೂರದ ಗ್ವಾಟೆಮಾಲಾ ದೇಶದ ಘಟನೆಯೊಂದು ಇದನ್ನು ಮನಗಾಣಿಸುತ್ತದೆ.

2005ರ ಅಕ್ಟೋಬರಿನಲ್ಲಿ ಸ್ಟಾನ್ ಚಂಡಮಾರುತದ ಮಳೆ ಸುರಿದಾಗ ಜ್ವಾಲಾಮುಖಿ ಪರ್ವತದ ಇಳಿಜಾರಿನಿಂದ ನುಗ್ಗಿದ ಕೆಸರಿನ ಪ್ರವಾಹವು ಅಟಿಟ್ಲಾನ್ ಸರೋವರದ ಬಳಿಯ ಪನಬಾಹ್ ಗ್ರಾಮವನ್ನು ಹೂತುಹಾಕಿತು. ಮಾಯಾ ಮೂಲನಿವಾಸಿಗಳಾದ ತ್ಸುತುಹಿಲ್ ಜನರಲ್ಲಿ ನೂರಾರು ಮಂದಿ ಮಡಿದರು. ಆದರೂ ನೆರವಿಗೆಂದು ಬಂದ ಸೈನಿಕರನ್ನು ಬದುಕುಳಿದವರು ಊರೊಳಗೆ ಬಿಡಲಿಲ್ಲ. ತಾವೇ ಗುದ್ದಲಿ ಹಿಡಿದು ತಮ್ಮವರನ್ನು ಹುಡುಕಿದರು. ಏಕೆಂದರೆ 1990ರ ಡಿಸೆಂಬರಿನಲ್ಲಿ ಸೈನ್ಯವು ಅಲ್ಲಿಯೇ ನಿರಾಯುಧ ಜನರ ಮೇಲೆ ಗುಂಡು ಹಾರಿಸಿ ಹಲವರನ್ನು ಕೊಂದಿತ್ತು.

ಇದನ್ನು ಹಟವೆನ್ನಲಾಗದು. ಹದಿನೈದು ವರ್ಷ ಕಳೆದರೂ ಅವರಿಗೆ ಅಭಯ ದೊರೆತಿರಲಿಲ್ಲ. ನೋಯಿಸಿದ ಕೈ ಕ್ಷಮೆ ಯಾಚಿಸದೆ ನೀಡುವ ಅನ್ನವೂ ಭಯವನ್ನೇ ಬಡಿಸುತ್ತದೆ. ಕ್ಷಮಾವಣಿಯಂದು ನಾವು ಪರಸ್ಪರ ಕೈಮುಗಿಯುವುದು ಈ ಭಯವನ್ನು ಕಳೆಯಲೆಂದೇ ಅಲ್ಲವೇ? ಸಂತ್ರಸ್ತರ ಬಳಿ ಹೋಗುವವರು ಮೊದಲು ಅವರ ಮಾತಿಗೆ ಕಿವಿಗೊಡಲಿ. ಮನೆ ಎಲ್ಲಿ, ಹೇಗೆ ಕಟ್ಟಬೇಕೆಂಬುದನ್ನು ಅವರೇ ಹೇಳಲಿ. ಪಡೆಯುವವನು ನಿರ್ಭಯನಾಗಿ ಕೈಚಾಚಿದಾಗಲೇ ಕರುಣಾದಾನ ಸಾರ್ಥಕ.