ಹಾರ, ಫೋಟೊ ಮತ್ತು ಮನವಿಪತ್ರ

ಸಚಿವರೋ ಶಾಸಕರೋ ಊರಿಗೆ ಬಂದರೆ ಮೊದಲು ಹಾರ, ಆಮೇಲೆ ಫೋಟೊ, ಕೊನೆಯಲ್ಲಿ ಒಂದು ಮನವಿಪತ್ರ. ನಮ್ಮ ಜಮಾಅತ್‌ಗಳ, ಸಂಘ-ಸಂಸ್ಥೆಗಳ ಸಾರ್ವಜನಿಕ ಚಟುವಟಿಕೆಯು ಬಹುಮಟ್ಟಿಗೆ ಇಲ್ಲಿಗೆ ಮುಗಿಯುತ್ತದೆ. ಖಬರಸ್ತಾನದ ಆವರಣ ಗೋಡೆ, ಚರಂಡಿ, ಉರ್ದು ಶಾಲೆಯ ಶಿಕ್ಷಕರು, ಶಾದಿಮಹಲ್, ಬಸ್ಸು ಹೀಗೆ ಹತ್ತು ಬೇಡಿಕೆಗಳನ್ನು ಒಂದೇ ಹಾಳೆಯಲ್ಲಿ ತುಂಬಿ ಕೊಟ್ಟರೆ, ಓದುವವನಿಗೆ ಅದರಲ್ಲಿ ಯಾವುದು ತುರ್ತೆಂದು ತಿಳಿಯುವುದಾದರೂ ಹೇಗೆ? ಆಡಳಿತದ ನಿರ್ಲಕ್ಷ್ಯ ಸುಳ್ಳಲ್ಲ. ಆದರೆ ನಿರ್ಲಕ್ಷಿಸಲು ಸುಲಭವಾಗುವಂತೆಯೇ ನಾವು ಬರೆಯುತ್ತಿದ್ದೇವೆ ಎಂಬುದೂ ಸುಳ್ಳಲ್ಲ.

ಕಲ್ಯಾಣ ಕರ್ನಾಟಕದವರಿಗೆ ಇದನ್ನು ದೂರದ ಉದಾಹರಣೆಗಳಿಂದ ವಿವರಿಸಬೇಕಾಗಿಲ್ಲ. ಈ ಭಾಗ ಹಿಂದುಳಿದಿದೆ ಎಂಬ ಅಳಲು ದಶಕಗಳಷ್ಟು ಹಳೆಯದು. ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ ವರದಿ ಸಲ್ಲಿಸಿದಾಗ ಆ ಅಳಲಿಗೆ ಅಂಕಿ-ಅಂಶದ ಬಲ ಬಂತು. ಆಗಿದ್ದ 175 ತಾಲೂಕುಗಳ ಪೈಕಿ 114 ಹಿಂದುಳಿದವು, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು ಎಂದು ಸಮಿತಿ ತಾಲೂಕುವಾರು ಲೆಕ್ಕ ಕೊಟ್ಟಿತು. ಅಷ್ಟಕ್ಕೇ ನಿಲ್ಲಿಸದೆ, ಎಂಟು ವರ್ಷಗಳಲ್ಲಿ 31,000 ಕೋಟಿ ರೂಪಾಯಿಯ ಯೋಜನೆಯನ್ನೂ ಮುಂದಿಟ್ಟಿತು. ಇನ್ನೊಂದೆಡೆ, ವಿಶೇಷ ಸ್ಥಾನಮಾನ ಕೇಳಿದವರ ಕೈಯಲ್ಲಿ ಪೂರ್ವನಿದರ್ಶನವೊಂದಿತ್ತು. ನೆರೆಯ ಆಂಧ್ರಪ್ರದೇಶಕ್ಕೆ 371(ಡಿ) ವಿಧಿ ಎಪ್ಪತ್ತರ ದಶಕದಲ್ಲೇ ದೊರೆತಿತ್ತು. ಅಲ್ಲಿಗೆ ಸಾಧ್ಯವಾದದ್ದು ಇಲ್ಲಿಗೇಕೆ ಅಸಾಧ್ಯ ಎಂಬ ಪ್ರಶ್ನೆಗೆ ದಿಲ್ಲಿಯಲ್ಲಿ ಉತ್ತರಿಸುವುದು ಸುಲಭವಿರಲಿಲ್ಲ. 2012ರ ಡಿಸೆಂಬರ್‌ನಲ್ಲಿ ಸಂಸತ್ತು 371(ಜೆ) ವಿಧಿಯನ್ನು ಅಂಗೀಕರಿಸಿತು. ಹೋರಾಟವಿಲ್ಲದೆ ಇದು ಆಗುತ್ತಿರಲಿಲ್ಲ, ನಿಜ. ಆದರೆ ಬರೀ ಘೋಷಣೆಯಿಂದಲೂ ಆಗುತ್ತಿರಲಿಲ್ಲ.

ಈಗ ಯಾದಗಿರಿ ತಾಲೂಕಿನ ಸೈದಾಪುರಕ್ಕೆ ಬರೋಣ. ಸುತ್ತಲಿನ ಹಳ್ಳಿಗಳಿಗೆ ಇದು ಹೋಬಳಿ ಕೇಂದ್ರ. ರೈಲು ನಿಲ್ದಾಣವೂ ಇದೆ. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಅತಿ ಕಡಿಮೆ. ಮಹಿಳೆಯರಲ್ಲಿ ಅದು ಶೇ. 41.38 ಮಾತ್ರ. ಇಂಥ ಜಿಲ್ಲೆಯಲ್ಲಿ ಸಂಜೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲವೆಂಬ ಒಂದೇ ಕಾರಣಕ್ಕೆ ಹುಡುಗಿಯೊಬ್ಬಳ ಓದು ನಿಂತರೆ, ಅದನ್ನು ತಡೆಯಲು ಹೇಗೆ ಬರೆಯಬೇಕು?

"ನಮ್ಮ ಊರಿಗೆ ಅನ್ಯಾಯವಾಗಿದೆ, ಕೂಡಲೇ ಹೆಚ್ಚಿನ ಬಸ್ ಬಿಡಬೇಕು" ಎಂದು ಬರೆದರೆ ಡಿಪೊ ವ್ಯವಸ್ಥಾಪಕರ ಉತ್ತರ ನಮಗೆ ಮೊದಲೇ ಗೊತ್ತು. ಬಸ್ಸಿಲ್ಲ, ಚಾಲಕರಿಲ್ಲ, ಆದಾಯವಿಲ್ಲ. ಹಾಗಾದರೆ ಆ ಉತ್ತರಕ್ಕೆ ಅವಕಾಶವೇ ಇಲ್ಲದಂತೆ ಬರೆಯಬಾರದೇಕೆ? ಯಾವ ಹಳ್ಳಿಯಿಂದ ಎಷ್ಟು ವಿದ್ಯಾರ್ಥಿನಿಯರು ಬರುತ್ತಾರೆ, ತರಗತಿ ಎಷ್ಟಕ್ಕೆ ಬಿಡುತ್ತದೆ, ಬಸ್ಸು ಎಷ್ಟಕ್ಕೆ ಹೊರಡುತ್ತದೆ, ಹಿಂದಿನ ವರ್ಷ ಎಷ್ಟು ಮಂದಿ ಓದು ಬಿಟ್ಟರು, ಇಷ್ಟು ಸಾಕು. ಹೊಸ ಬಸ್ ಕೇಳುವ ಬದಲು, ಈಗಿರುವ ಬಸ್ಸನ್ನೇ ಅರ್ಧ ಗಂಟೆ ತಡವಾಗಿ ಬಿಡಿ ಎಂದು ಕೇಳಬಹುದು. ಅದಕ್ಕೆ ಹೆಚ್ಚುವರಿ ಬಸ್ಸಾಗಲಿ ಚಾಲಕನಾಗಲಿ ಬೇಕಿಲ್ಲ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಪ್ರಯಾಣದ ವೆಚ್ಚವನ್ನು ಸರಕಾರ ಸಾರಿಗೆ ನಿಗಮಕ್ಕೆ ಭರಿಸುತ್ತದೆ. ಆದ್ದರಿಂದ ವಿದ್ಯಾರ್ಥಿನಿಯರು ಹತ್ತಿದರೆ ನಷ್ಟವೆಂಬ ವಾದವೂ ಉಳಿಯದು. ಇಂಥ ಪತ್ರವನ್ನು ಅದನ್ನು ಮಂಜೂರು ಮಾಡಬಲ್ಲವರಿಗೇ ಕೊಡಬೇಕು. ರೈಲು ನಿಲುಗಡೆಯ ಅರ್ಜಿಯನ್ನು ತಹಶೀಲ್ದಾರರಿಗೆ ಕೊಟ್ಟು ವರ್ಷಗಟ್ಟಲೆ ಕಾಯುವವರೂ ನಮ್ಮಲ್ಲಿದ್ದಾರೆ!

ಭಾಷೆಯ ಬಗ್ಗೆ ಅಳುಕು ಬೇಡ. ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ನೀಡಿದೆ. ಆದರೂ ಗುಮಾಸ್ತರಿಂದ ಅಧಿಕಾರಿಯವರೆಗೆ ಎಲ್ಲರೂ ಓದುವ ಕನ್ನಡದಲ್ಲಿ ಬರೆಯುವುದು ಜಾಣತನ. ಸ್ವೀಕೃತಿ ಪಡೆಯಲು ಮರೆಯಬಾರದು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿಯ ಗತಿಯೇನೆಂದು ಕೇಳಬಹುದು. 30 ದಿನಗಳೊಳಗೆ ಉತ್ತರಿಸುವುದು ಅವರ ಹೊಣೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ, ಅದು ನಮ್ಮ ಮನೆಯೊಳಗಿನದು. ಬಸ್ಸಿನ ಅರ್ಜಿಗೆ ಮೊದಲ ಸಾಲಿನಲ್ಲಿ ಸಹಿ ಹಾಕಿದ ತಂದೆಯೇ ಹತ್ತನೆಯ ತರಗತಿ ಮುಗಿಸಿದ ಮಗಳಿಗೆ ಇನ್ನು ಓದು ಸಾಕೆಂದರೆ, ಡಿಪೊದಲ್ಲಿ ಗೆದ್ದ ವಾದ ಮನೆಯಲ್ಲಿ ಸೋಲುತ್ತದೆ. ಆತನಿಗೂ ಒಂದು ಮನವಿ ಬೇಕು. ಅದನ್ನು ಉಪದೇಶದ ಧಾಟಿಯಲ್ಲಿ ಬರೆದರೆ ಆತ ಓದಲಾರ. ಆತನ ಭಯವೇನು? ದಾರಿಯ ಸುರಕ್ಷತೆಯೇ, ಖರ್ಚೇ, ನೆಂಟರ ಮಾತೇ? ಅದನ್ನು ಕೇಳಿ ತಿಳಿದು, ಒಂದೇ ಮೊಹಲ್ಲಾದ ನಾಲ್ಕೈದು ಹುಡುಗಿಯರು ಒಟ್ಟಾಗಿ ಹೋಗಿಬರುವ ಏರ್ಪಾಟನ್ನು ಆತನ ಮುಂದಿಡಬೇಕು. ಜೂನ್‌ನಲ್ಲಿ ತರಗತಿಗಳು ಆರಂಭವಾಗುವ ಮುನ್ನ ಜಮಾಅತ್‌ನ ಯುವಕರೂ ಮಹಿಳೆಯರೂ ಮನೆಮನೆಗೆ ಹೋಗಿ ಓದು ಬಿಟ್ಟ ಹುಡುಗಿಯರ ಲೆಕ್ಕ ತೆಗೆಯಲಿ. ಡಿಪೊಗೆ ಬರೆಯುವ ಪತ್ರಕ್ಕೂ ತಂದೆಯೊಂದಿಗೆ ಆಡುವ ಮಾತಿಗೂ ಬೇಕಾಗಿರುವುದು ಅದೇ ಲೆಕ್ಕ.