ಅರ್ಜಿ ಹಾಕಿದವರಿಗೆ ಅಲೆದಾಟ, ಕೇಳದೇ ಕಡಿದವರಿಗೆ ಚಿಲ್ಲರೆ ದಂಡ

ಏಪ್ರಿಲ್-ಮೇ ತಿಂಗಳ ಗಾಳಿಮಳೆ ಶುರುವಾಯಿತೆಂದರೆ ಬೆಂಗಳೂರಿನಲ್ಲಿ ಮರಗಳ ಹೆಸರಲ್ಲಿ ಎರಡು ಥರದ ಸಿಟ್ಟು ಏಳುತ್ತದೆ. 'ಎಷ್ಟು ಸಲ ದೂರು ಕೊಟ್ಟರೂ ಈ ಮರ ಯಾಕೆ ತೆಗೀಲಿಲ್ಲ' ಅನ್ನೋದು ಒಂದು. 'ಚೆನ್ನಾಗಿದ್ದ ಮರವನ್ನು ರಾತ್ರೋರಾತ್ರಿ ಯಾರು ಕಡಿದರು' ಅನ್ನೋದು ಇನ್ನೊಂದು. ಮೊದಲನೆಯದು ಮನೆ ಮಾಲೀಕರ ಸಿಟ್ಟು, ಎರಡನೆಯದು ಪರಿಸರದವರ ಸಿಟ್ಟು ಅಂತ ನಾವು ಬೇಗ ಗುಂಪು ಮಾಡಿಬಿಡುತ್ತೇವೆ. ನನಗೆ ಕಾಣುವ ಮಟ್ಟಿಗೆ ಇಬ್ಬರನ್ನೂ ಸತಾಯಿಸುತ್ತಿರುವುದು ಒಂದೇ ವ್ಯವಸ್ಥೆ.

ಮೊದಲು ಕಾನೂನು ನೋಡೋಣ. ನಿಮ್ಮದೇ ಸೈಟು, ನಿಮ್ಮದೇ ಕಾಂಪೌಂಡು, ನಿಮ್ಮ ಅಜ್ಜಿಯೇ ನೆಟ್ಟ ಗಿಡ. ಆದರೂ ಅದನ್ನು ತೆಗೆಯೋಕೆ ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ 8ನೇ ಸೆಕ್ಷನ್ ಹೇಳುವುದು ಇದನ್ನೇ. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಉಳಿದವಕ್ಕೆ ವೃಕ್ಷಾಧಿಕಾರಿಗೆ ಅರ್ಜಿ ಕೊಡಬೇಕು. ಅವರು ಬಂದು ಮರ ನೋಡಬೇಕು, ವಿಚಾರಣೆ ಮಾಡಬೇಕು, ಆಗಲ್ಲ ಅಂದರೆ ಯಾಕೆ ಅಂತ ಬರೆದು ಕೊಡಬೇಕು. ಮರ ಸತ್ತಿದ್ದರೆ, ರೋಗ ಬಂದಿದ್ದರೆ, ಗಾಳಿಗೆ ಉರುಳಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯ ತರುವಂತಿದ್ದರೆ ತೆಗೆಯಬಹುದು. ತೆಗೆದವರು ಅದರ ಬದಲಿಗೆ ಗಿಡ ನೆಡಬೇಕು.

ಓದೋಕೆ ಚೆನ್ನಾಗೇ ಇದೆ. ಮರ ಒಬ್ಬರ ಆಸ್ತಿಯಲ್ಲಿದ್ದರೂ ಅದರ ನೆರಳು ಇಡೀ ಬೀದಿಯದು ಅನ್ನೋ ತಿಳಿವಳಿಕೆ ಆ ಕಾಯ್ದೆಯಲ್ಲಿದೆ. 'ನನ್ನ ಜಾಗ, ನನ್ನಿಷ್ಟ' ಅನ್ನುವ ವಾದವನ್ನು ನಾನಂತೂ ಒಪ್ಪಲ್ಲ. ತಕರಾರು ಇರೋದು ಆ ಅರ್ಜಿ ಕಚೇರಿಯೊಳಗೆ ಹೋದ ಮೇಲೆ ಏನಾಗುತ್ತೆ ಅನ್ನೋದರಲ್ಲಿ.

ನಮ್ಮ ಚಿಕ್ಕಮ್ಮ ಇರುವುದು ಹಳೇ ಮೈಸೂರು ಭಾಗದ ಒಂದು ಪಟ್ಟಣದಲ್ಲಿ. ಊರಿನ ಹೆಸರು ಇಲ್ಲಿ ಬೇಡ. ಅವರ ಗೇಟಿನ ಪಕ್ಕ ದೊಡ್ಡ ಗುಲ್‌ಮೊಹರ್ ಇದೆ. ಒಳಚರಂಡಿ ಪೈಪಿಗೆ ಅಂತ ಬೀದಿ ಅಗೆದಾಗ ಜೆಸಿಬಿ ಒಂದು ಕಡೆಯ ಬೇರುಗಳನ್ನು ಕತ್ತರಿಸಿಕೊಂಡು ಹೋಯಿತು. ಅದಾದ ಮುಂದಿನ ಮಳೆಗಾಲಕ್ಕೆ ಮರ ಪಕ್ಕದ ಮನೆಯ ಶೀಟಿನ ಕಡೆಗೆ ವಾಲಿತು. ಆ ಶೀಟಿನ ಕೆಳಗೆ ಬಾಡಿಗೆಗೆ ಇದ್ದದ್ದು ಇಬ್ಬರು ಸಣ್ಣ ಮಕ್ಕಳಿರುವ ಕುಟುಂಬ. ಚಿಕ್ಕಮ್ಮ ಅರ್ಜಿ ಬರೆದರು, ಫೋಟೋ ಅಂಟಿಸಿದರು, ಖಾತಾ ನಕಲು, ಕಂದಾಯದ ರಸೀದಿ ಎಲ್ಲ ಲಗತ್ತಿಸಿದರು. ನಾಲ್ಕು ಸಲ ಅಲೆದ ಮೇಲೆ ಒಬ್ಬರು ಬಂದು ಗೇಟಿನ ಹೊರಗೇ ನಿಂತು ನೋಡಿದರು. 'ಮರ ಹಸಿರಾಗಿದೆಯಲ್ಲಮ್ಮ, ಒಣಗಿಲ್ಲ' ಅಂದು ಹೋದರು. ಬರವಣಿಗೆಯಲ್ಲಿ ಏನೂ ಬರಲಿಲ್ಲ.

ನಿಜವಾದ ಸಲಹೆ ಸಿಕ್ಕಿದ್ದು ಮರ ಕಡಿಯುವ ಮೇಸ್ತ್ರಿಯಿಂದ. 'ಅಮ್ಮಾ, ನೀವ್ಯಾಕೆ ಓಡಾಡ್ತೀರಾ? ಬುಡಕ್ಕೆ ತೂತು ಹೊಡ್ದು ಆಸಿಡ್ ಹಾಕಿಸಿ. ಒಣಗಿದ ಮೇಲೆ ಪರ್ಮಿಷನ್ ಸಲೀಸು.' ಚಿಕ್ಕಮ್ಮ ಹಾಗೆ ಮಾಡಿಸಲಿಲ್ಲ. ಮತ್ತೆ ಅರ್ಜಿ ಕೊಟ್ಟು, ಐದು ತಿಂಗಳಾದ ಮೇಲೆ ಆ ಕಡೆಯ ಭಾರದ ಕೊಂಬೆ ಇಳಿಸಲು ಲಿಖಿತ ಅನುಮತಿ ಪಡೆದು, ಸ್ವಂತ ದುಡ್ಡಲ್ಲಿ ಇಳಿಸಿದರು. ಮರ ಇನ್ನೂ ಇದೆ. ಆದರೆ ಆ ಮೇಸ್ತ್ರಿ ಹೇಳಿದ್ದು ಮಾತ್ರ ನನ್ನ ತಲೆಯಿಂದ ಹೋಗಿಲ್ಲ. ಜೀವಂತ ಮರದ ಅರ್ಜಿ ತಿಂಗಳುಗಟ್ಟಲೆ ಕಾಯಬೇಕು, ಕೊಂದು ತಂದರೆ ಕೆಲಸ ಬೇಗ ಆಗುತ್ತೆ ಅನ್ನುವಂತಿದ್ದರೆ, ಆ ವ್ಯವಸ್ಥೆ ಜನರಿಗೆ ಏನು ಕಲಿಸಿದ ಹಾಗಾಯಿತು?

ಈಗ ಬೆಂಗಳೂರಿಗೆ ಬರೋಣ. ಇಲ್ಲಿನ ಬೀದಿ ಮರಗಳಲ್ಲಿ ದೊಡ್ಡ ಪಾಲು 1980ರ ದಶಕದ್ದು. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಆಗ ನಗರದಲ್ಲಿ ಸುಮಾರು 15 ಲಕ್ಷ ಗಿಡ ನೆಟ್ಟರು. ಉಳಿದವಕ್ಕೆ ಈಗ ನಲವತ್ತು ದಾಟಿದ ವಯಸ್ಸು. ಅವು ಬೆಳೆದಷ್ಟು ಕಾಲವೂ ಸುತ್ತಲಿನ ಮಣ್ಣು ಕಡಿಮೆಯಾಗುತ್ತಲೇ ಬಂತು. ಫುಟ್‌ಪಾತ್ ಟೈಲ್ಸು ಬುಡದವರೆಗೂ ಬಂತು, ಮೋರಿ ಗೋಡೆ ಬೇರಿಗೆ ತಾಗಿತು, ಕೇಬಲ್ಲಿಗೆ ಅಂತ ವರ್ಷಕ್ಕೊಂದು ಸಲ ಅಗೆತ. ಕರೆಂಟಿನವರು ತಂತಿ ಇರುವ ಕಡೆಯ ಕೊಂಬೆಗಳನ್ನಷ್ಟೇ ಕಡಿಯುತ್ತಾರೆ, ಹಾಗಾಗಿ ಮರದ ಭಾರವೆಲ್ಲ ಇನ್ನೊಂದು ಬದಿಗೆ. ದಿಲ್ಲಿಯ ಪ್ರಕರಣವೊಂದರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಮರದ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಿರಿ ಎಂದು ಆದೇಶಿಸಿತ್ತು. ನಿಮ್ಮ ಬೀದಿಯಲ್ಲಿ ಹೀಗೆ ಒಂದು ಮೀಟರ್ ಮಣ್ಣು ಬಿಟ್ಟಿರುವ ಮರ ಎಷ್ಟಿವೆ, ಈ ಸಂಜೆ ಸುಮ್ಮನೆ ಎಣಿಸಿ ನೋಡಿ.

ಇಷ್ಟೆಲ್ಲ ಆದ ಮೇಲೆ ಮರ ವಾಲುತ್ತದೆ. ಆಗ ಅದು ಕಾಯ್ದೆಯ ಭಾಷೆಯಲ್ಲಿ 'ಅಪಾಯಕಾರಿ' ಆಗುತ್ತದೆ. ಅಪಾಯ ಸುಳ್ಳಲ್ಲ. 2025ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬೈಕ್ ಸವಾರನೊಬ್ಬ ಕೊಂಬೆ ಬಿದ್ದೇ ಪ್ರಾಣ ಕಳೆದುಕೊಂಡ. ಅಂಥ ಸಾವಿನ ನಂತರ ಅಧಿಕಾರಿಗಳು ಹೆದರಿ ಸಹಿ ಹಾಕುತ್ತಾರೆ, ಅದಕ್ಕೆ ಮುಂಚೆ ಹೆದರಿ ಸಹಿ ಹಾಕಲ್ಲ. ಎರಡರಲ್ಲೂ ಮರವನ್ನು ಯಾರೂ ಸರಿಯಾಗಿ ನೋಡಿರುವುದಿಲ್ಲ. ಬೇರು ಕತ್ತರಿಸಿದ ಗುತ್ತಿಗೆದಾರನ ಹೆಸರು ಯಾವ ಅನುಮತಿ ಪತ್ರದಲ್ಲಿ ಬರುತ್ತೆ ಹೇಳಿ?

ದೊಡ್ಡವರ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ. 50ಕ್ಕಿಂತ ಹೆಚ್ಚು ಮರ ಕಡಿಯುವುದಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು ಅಂತ ನಮ್ಮ ಕಾಯ್ದೆಯಲ್ಲೇ ಇದೆ. ಈ ನಿಯಮಕ್ಕೆ ಬೆಲೆ ಇದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದ ಕಡೆಗಿನ ಸ್ಟೀಲ್ ಫ್ಲೈಓವರಿಗೆ 812 ಮರ ಹೋಗುತ್ತವೆ ಅಂತ ಗೊತ್ತಾದಾಗ, 2016ರ ಅಕ್ಟೋಬರ್‌ನಲ್ಲಿ ಜನ ಕೈಕೈ ಹಿಡಿದು ರಸ್ತೆ ಬದಿ ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಸಂಖ್ಯೆ ಹೊರಗೆ ಬಂದಿದ್ದರಿಂದಲೇ ಅದು ಚಳವಳಿಯಾಯಿತು. ಆದರೆ ಮಿತಿ 50 ಅಂತಿದ್ದರೆ ಒಂದೇ ಯೋಜನೆಯನ್ನು ನಲವತ್ತು, ನಲವತ್ತೈದರ ತುಂಡು ಮಾಡಿ ಅರ್ಜಿ ಹಾಕುವ ಆಸೆ ಯಾರಿಗಾದರೂ ಹುಟ್ಟೀತು. ಒಂದೊಂದೇ ಸೈಟಿನಲ್ಲಿ ಒಂದು, ಎರಡು, ಮೂರು ಅಂತ ಹೋಗುವ ಮರಗಳಿಗಂತೂ ಯಾರ ಆಕ್ಷೇಪಣೆಯೂ ಇಲ್ಲ. ಹಳೇ ಬಡಾವಣೆಗಳಲ್ಲಿ ಒಂಟಿ ಮನೆ ಒಡೆದು ನಾಲ್ಕು ಮಹಡಿ ಏಳಿಸುವ ಕಡೆ ನೋಡಿ. ಪಾಯ ತೋಡುವ ಹಿಂದಿನ ವಾರ ಮರ ಇರುತ್ತೆ, ಮುಂದಿನ ವಾರ ಇರಲ್ಲ.

ಕೇಳದೇ ಕಡಿದರೆ ನಮ್ಮ ಕಾಯ್ದೆ ವಿಧಿಸುವ ದಂಡ ಬಿಲ್ಡರ್ ಒಬ್ಬನ ದಿನದ ಡೀಸೆಲ್ ಖರ್ಚಿಗೂ ಸಮ ಅಲ್ಲ. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮಥುರಾ-ವೃಂದಾವನದ ಕಡೆ ಅಕ್ರಮವಾಗಿ ಕಡಿದ 454 ಮರಗಳಿಗೆ ತಲಾ 1 ಲಕ್ಷ ರೂಪಾಯಿ ದಂಡ ಹಾಕಿತು. ಅದು ತಾಜ್ ಮಹಲಿನ ಸುತ್ತಲ ಸಂರಕ್ಷಿತ ವಲಯದ ವಿಷಯ. ನಮ್ಮ ಬೀದಿಯ ಮರಕ್ಕೆ ಆ ಭಾಗ್ಯ ಇಲ್ಲ. ಹಾಗಾಗಿ ತಿಳಿದವರು ಕಡಿದು ದಂಡ ಕಟ್ಟುತ್ತಾರೆ, ಚಿಕ್ಕಮ್ಮನಂಥವರು ಕ್ಯೂ ನಿಲ್ಲುತ್ತಾರೆ.

ಬದಲಿ ಗಿಡದ ಕಥೆಯನ್ನು ಹೆಚ್ಚು ಹೇಳಬೇಕಿಲ್ಲ. 20x30 ಸೈಟಿನಲ್ಲಿ ಗೋಡೆಯಿಂದ ಗೋಡೆಗೆ ಮನೆ ಕಟ್ಟಿದವನು ಎಲ್ಲಿ ನೆಡುತ್ತಾನೆ? ಕುಂಡದಲ್ಲಿ ಒಂದು ಸಸಿ ಇಟ್ಟು ಫೋಟೋ ತೆಗೆದರೆ ಕೆಲಸ ಮುಗೀತು. ಒಂದು ವರ್ಷ ಬಿಟ್ಟು ಯಾರಾದರೂ ಬಂದು ನೋಡಿದ್ದನ್ನು ನಾನು ಕಂಡಿಲ್ಲ.

2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆಗಳು ಬಂದಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಇದೆ. ರಸ್ತೆ, ಕಸ, ತೆರಿಗೆ ಯಾರ ಪಾಲಿಗೆ ಅನ್ನುವ ಚರ್ಚೆ ಜೋರಾಗಿದೆ, ಮರದ ಮಾತು ಅದರಲ್ಲಿ ಸಣ್ಣದು. ಆದರೆ ಹೊಸ ವ್ಯವಸ್ಥೆಯಲ್ಲಿ ಇದನ್ನು ಸರಿಮಾಡೋದು ಅಷ್ಟೇನೂ ಕಷ್ಟ ಅಲ್ಲ. ಒಂದೇ ಮರದ ಅರ್ಜಿಯಾದರೂ ಸರಿ, ಅದು ವಾರ್ಡಿನ ನೋಟಿಸ್ ಬೋರ್ಡಿಗೂ ವೆಬ್‌ಸೈಟಿಗೂ ಬರಲಿ: ಯಾವ ಮರ, ಯಾಕೆ ತೆಗೀಬೇಕು, ಯಾರು ಬಂದು ನೋಡಿದರು, ಏನು ಬರೆದರು. ಕೊಂಬೆ ಇಳಿಸಿದರೆ, ಬುಡದ ಕಾಂಕ್ರೀಟ್ ಒಡೆದರೆ ಮರ ಉಳಿಯುತ್ತದಾ ಅಂತ ಮೊದಲು ಉತ್ತರಿಸದೆ ಕಡಿಯುವ ಅನುಮತಿ ಕೊಡಬಾರದು. ಜೀವಕ್ಕೆ ಅಪಾಯ ಅಂತ ಬಂದ ಅರ್ಜಿಗೆ ದಿನಗಳ ಲೆಕ್ಕದಲ್ಲಿ ಲಿಖಿತ ಉತ್ತರ ಬೇಕು, ತಿಂಗಳ ಲೆಕ್ಕದಲ್ಲಿ ಅಲ್ಲ. ಬೇರು ಕತ್ತರಿಸಿದ ಗುತ್ತಿಗೆದಾರನ ಬಿಲ್ಲಿನಲ್ಲಿ ಆ ಮರದ ಬೆಲೆ ಕಡಿತವಾಗಲಿ.

ವಾರ್ಡ್ ಕಮಿಟಿ ಸಭೆ ನಿಮ್ಮ ಕಡೆ ನಡೆದರೆ ಹೋಗಿ, ಹಿಂದಿನ ಆರು ತಿಂಗಳಲ್ಲಿ ನಿಮ್ಮ ವಾರ್ಡಿನಲ್ಲಿ ಎಷ್ಟು ಮರಕ್ಕೆ ಅನುಮತಿ ಕೊಟ್ಟಿದ್ದಾರೆ, ಎಷ್ಟಕ್ಕೆ ನಿರಾಕರಿಸಿದ್ದಾರೆ ಅಂತ ಪಟ್ಟಿ ಕೇಳಿ. ಕೊಡದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಆರ್‌ಟಿಐ ಹಾಕಿ. ಮುಂದಿನ ಏಪ್ರಿಲ್‌ಗೆ ಮುಂಚೆ ಆ ಪಟ್ಟಿ ಕೈಗೆ ಬಂದರೆ ಚೆನ್ನ.