ಹೆಸರು ಹೇಳುವ ಋಣ

ಕಳೆದ ತಿಂಗಳು ನೆರೆಮನೆಯ ಹುಡುಗಿಯೊಬ್ಬಳು ತನ್ನ ಕಾಲೇಜಿಗಾಗಿ ಬರೆದ ಪ್ರಬಂಧವನ್ನು ಹಿಡಿದುಕೊಂಡು ನಮ್ಮ ಚಾವಡಿಗೆ ಬಂದಳು. "ಮಾವ, ನಾಡಿದ್ದು ಒಪ್ಪಿಸಬೇಕು. ಕಾಗುಣಿತದ ತಪ್ಪುಗಳನ್ನಷ್ಟು ನೋಡಿಕೊಡಿ" ಎಂದಳು. ವಿಷಯ, ಕುಂಬಳೆಯ ಪಾರ್ತಿಸುಬ್ಬ. ನಮ್ಮ ಮಣ್ಣಿನ ಮಗಳು ನಮ್ಮ ಮಣ್ಣಿನ ಕವಿಯನ್ನೇ ಆರಿಸಿಕೊಂಡಳೆಂದು ಹಿಗ್ಗಿ ಓದತೊಡಗಿದೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಭಾಷೆ ಇದ್ದಕ್ಕಿದ್ದಂತೆ ಪ್ರೌಢವಾಯಿತು. ಆ ವಾಕ್ಯಗಳನ್ನು ಎಲ್ಲಿಯೋ ಓದಿದ ನೆನಪು. ಕಪಾಟಿನಿಂದ ಹಳೆಯ ಪುಸ್ತಕವೊಂದನ್ನು ತೆಗೆದು ನೋಡಿದರೆ, ಒಂದೂವರೆ ಪುಟ ಅಕ್ಷರಶಃ ಅಲ್ಲಿಯದೇ. ಗ್ರಂಥಕರ್ತರ ಹೆಸರು ಮಾತ್ರ ಪ್ರಬಂಧದಲ್ಲಿ ಎಲ್ಲಿಯೂ ಇರಲಿಲ್ಲ.

ಹುಡುಗಿಯ ಮುಖ ಬಾಡಿತು. "ಕೆಲವು ಶಬ್ದಗಳನ್ನು ಬದಲಿಸಿದರೆ ಸಾಲದೇ ಮಾವ?" ಎಂದು ಕೇಳಿದಳು. ಅವಳನ್ನು ಗದರಿಸಲು ನನಗೆ ಬಾಯಿರಲಿಲ್ಲ. ವಿದ್ಯಾರ್ಥಿದೆಸೆಯಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ನಾನು ಬರೆದ ಲೇಖನದ ಅರ್ಧಭಾಗ ನಮ್ಮ ಗುರುಗಳೊಬ್ಬರ ಪಾಠದ ಟಿಪ್ಪಣಿಯಾಗಿತ್ತು. ಅದನ್ನು ಓದಿದ ಅವರು "ಚೆನ್ನಾಗಿದೆ" ಎಂದಷ್ಟೇ ಹೇಳಿ ನಕ್ಕರು. ಆ ನಗೆ ಇಂದಿಗೂ ನನ್ನನ್ನು ಚುಚ್ಚುತ್ತಿದೆ.

ಶಬ್ದ ಬದಲಾದ ಮಾತ್ರಕ್ಕೆ ವಿಚಾರ ನಮ್ಮದಾಗುವುದಿಲ್ಲ. ಪಾರ್ತಿಸುಬ್ಬನ ವಿಷಯವನ್ನೇ ನೋಡಿರಿ. ಯಕ್ಷಗಾನದ ರಾಮಾಯಣ ಪ್ರಸಂಗಗಳು ಅವನವೇ ಹೌದೇ ಎಂಬುದು ವಿದ್ವಾಂಸರಲ್ಲಿ ಬಹುಕಾಲ ನಡೆದ ವಾದ. ಮುಳಿಯ ತಿಮ್ಮಪ್ಪಯ್ಯನವರೂ ಕುಕ್ಕಿಲ ಕೃಷ್ಣ ಭಟ್ಟರೂ ಹೌದೆಂದರು. ಶಿವರಾಮ ಕಾರಂತರು ಒಪ್ಪಲಿಲ್ಲ. ಹೀಗಿರುವಾಗ ವಿದ್ಯಾರ್ಥಿಯು ಯಾರ ಹೆಸರನ್ನೂ ಹೇಳದೆ ತೀರ್ಪು ಕೊಟ್ಟುಬಿಟ್ಟರೆ, ಓದಿದವನು ಅದನ್ನು ಯಾರ ಮಾತೆಂದು ತೂಗಬೇಕು? ಆಕರವನ್ನು ಹೇಳುವುದು ಸೌಜನ್ಯ ಮಾತ್ರವಲ್ಲ. ಸತ್ಯವನ್ನು ಪರೀಕ್ಷಿಸಲು ಓದುಗನಿಗೆ ನಾವು ತೆರೆದಿಡುವ ಬಾಗಿಲು.

ನಾನು ಅವಳಿಗೆ ಹೇಳಿದ ಕ್ರಮವಿಷ್ಟೆ. ಕಾಸರಗೋಡು ಜಿಲ್ಲೆ 1984ರಲ್ಲಿ ರೂಪುಗೊಂಡಿತೆಂಬಂಥ ಸರ್ವವಿದಿತ ಸಂಗತಿಗೆ ಆಕರ ಬೇಡ. ಇನ್ನೊಬ್ಬರ ಮಾತನ್ನು ಇದ್ದಂತೆಯೇ ಎತ್ತಿಕೊಂಡರೆ ಉದ್ಧರಣ ಚಿಹ್ನೆ ಬೇಕು. ಗ್ರಂಥಕರ್ತ, ಗ್ರಂಥ, ಪ್ರಕಾಶಕರು, ಮುದ್ರಣದ ವರ್ಷ, ಪುಟಸಂಖ್ಯೆ ಇವೂ ಬೇಕು. ವಿಚಾರವನ್ನು ನಮ್ಮ ಮಾತಿನಲ್ಲಿ ಹೇಳಿದಾಗ ಚಿಹ್ನೆ ಬೇಡವಾದರೂ ಆಕರವನ್ನು ಬಿಡುವಂತಿಲ್ಲ. ಕಾರಂತರ ಅಭಿಪ್ರಾಯವನ್ನು ಬೇರೊಬ್ಬರ ಪುಸ್ತಕದಲ್ಲಿ ಓದಿದ್ದರೆ ಹಾಗೆಂದೇ ಬರೆಯಬೇಕು. ಮೂಲವನ್ನೇ ಓದಿದಂತೆ ನಟಿಸಬಾರದು. ಮೊಬೈಲಿನಲ್ಲಿ ಓದಿದ್ದಕ್ಕೂ ಇದೇ ನಿಯಮ. ಜೊತೆಗೆ ನೋಡಿದ ದಿನಾಂಕವನ್ನೂ ಗುರುತಿಸಿಡಬೇಕು. ಟಿಪ್ಪಣಿ ಮಾಡಿಕೊಳ್ಳುವಾಗಲೇ ಪುಟಸಂಖ್ಯೆಯನ್ನು ಬರೆದುಕೊಂಡರೆ, ಮರೆವಿನಿಂದಾಗುವ ಕಳವು ತಪ್ಪುತ್ತದೆ.

ಇದು ಕೇವಲ ನೀತಿಪಾಠವಲ್ಲವೆಂಬುದನ್ನು ತಂದೆತಾಯಂದಿರೂ ತಿಳಿದಿರಬೇಕು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ನಿಯಮಾವಳಿಯು ಸ್ನಾತಕೋತ್ತರ ಹಾಗೂ ಸಂಶೋಧನ ಪ್ರಬಂಧಗಳಿಗೆ ದಂಡನೆಗಳನ್ನು ವಿಧಿಸಿದೆ. ಬೇರೆ ಬರಹಗಳೊಡನೆ ಹೋಲಿಕೆ ಶೇಕಡಾ 10ನ್ನು ಮೀರಿ 40ರವರೆಗಿದ್ದರೆ ಆರು ತಿಂಗಳು ಮೀರದ ಅವಧಿಯೊಳಗೆ ತಿದ್ದಿ ಒಪ್ಪಿಸಬೇಕು. 40ನ್ನು ಮೀರಿ 60ರವರೆಗಿದ್ದರೆ ಒಂದು ವರ್ಷ ಒಪ್ಪಿಸುವಂತಿಲ್ಲ. 60ನ್ನು ಮೀರಿದರೆ ನೋಂದಣಿಯೇ ರದ್ದು. ಆಕರವನ್ನು ಸರಿಯಾಗಿ ಹೇಳಿ ಉದ್ಧರಿಸಿದ ಭಾಗವನ್ನು ಈ ಲೆಕ್ಕದಿಂದ ಬಿಡಲಾಗಿದೆ.

ಆದರೆ ದಂಡನೆಯ ಭಯಕ್ಕಿಂತ ಹಿರಿದಾದ ಕಾರಣವೊಂದು ನಮ್ಮ ಭಾಷೆಯಲ್ಲಿಯೇ ಇದೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣವನ್ನು ರಚಿಸುವಾಗ, ತನ್ನ ಸೂತ್ರಗಳಿಗೆ ಯಾವ ಕವಿಗಳ ಮಾರ್ಗ ಆಧಾರವೆಂಬುದನ್ನು ಹೆಸರಿಟ್ಟು ಹೇಳಿದ. ಅವರಲ್ಲಿ ಗಜಗನಿದ್ದಾನೆ, ಅಸಗನಿದ್ದಾನೆ. ಅವರ ಕನ್ನಡ ಕಾವ್ಯಗಳು ನಮಗೆ ದೊರೆತಿಲ್ಲ. ಓಲೆಗರಿಗಳು ಅಳಿದವು, ಹಿಂದಿನವರು ಹೆಸರು ಹೇಳಿದ್ದರಿಂದ ಕವಿಗಳು ಉಳಿದರು.

ಗಡಿಯಾಚೆ ಬಾಳುವ ನಮಗೆ ಈ ಪಾಠ ಇನ್ನೂ ಹತ್ತಿರದ್ದು. ನಮ್ಮ ಚರಿತ್ರೆಯ ಬಹುಭಾಗ ಪುಸ್ತಕದಲ್ಲಿಲ್ಲ, ಹಿರಿಯರ ನಾಲಗೆಯಲ್ಲಿದೆ. ಹುಡುಗಿಯ ಪ್ರಬಂಧದ ಕೊನೆಯಲ್ಲಿ, ಹಿಂದೆ ಸೂಟೆಯ ಬೆಳಕಿನಲ್ಲಿ ಗದ್ದೆ ದಾಟಿ ಬಯಲಾಟಕ್ಕೆ ಹೋಗುತ್ತಿದ್ದವರ ವರ್ಣನೆಯಿತ್ತು. ಇಡೀ ಬರಹದಲ್ಲಿ ಅತ್ಯಂತ ಜೀವವುಳ್ಳ ಭಾಗ ಅದೇ. ಕೆಳಗೆ "ಎಂದು ಹೇಳಲಾಗುತ್ತದೆ" ಎಂದು ಬರೆದಿದ್ದಳು. "ಹೇಳಿದವರು ಯಾರು?" ಎಂದೆ. "ನಮ್ಮ ಅಜ್ಜಿ" ಎಂದಳು. "ಹಾಗಾದರೆ ಅಜ್ಜಿಯ ಹೆಸರು, ಊರು, ಅವರು ಹೇಳಿದ ದಿನ, ಮೂರನ್ನೂ ಬರೆ. ಅವರೂ ನಿನ್ನ ಆಕರವೇ" ಎಂದೆ.

ಎರಡು ರಾತ್ರಿ ಕುಳಿತು ಅವಳು ಪ್ರಬಂಧವನ್ನು ತಿದ್ದಿದಳು. ಒಂದೂವರೆ ಪುಟ ನಾಲ್ಕು ಸಾಲಿಗೆ ಇಳಿದು, ಉದ್ಧರಣ ಚಿಹ್ನೆಯೊಳಗೆ ಸೇರಿತು. ಒಪ್ಪಿಸುವ ಮುನ್ನ ಕೊನೆಯ ಪುಟವನ್ನು ಅಜ್ಜಿಗೆ ಓದಿ ಹೇಳಿದಳಂತೆ. ಅಜ್ಜಿಯದು ಒಂದೇ ತಕರಾರು: "ಸೂಟೆ ಹಿಡಿಯುತ್ತಿದ್ದವನು ನನ್ನ ಅಣ್ಣ. ಅವನ ಹೆಸರನ್ನೂ ಹಾಕು ಮಗಳೇ."